ಬಾಯಿ ಕಟ್ಟುವ ವಿದ್ಯೆ

“ನಿಮ್ಮನ್ನ ಕರೆಯೋಕೆ ನಾನು ಯಾರನ್ನೂ ಕಳಿಸ್ಲಿಲ್ಲಮ್ಮ. ನಿಮ್ಮ ಮನೆ ಡಬ್ಬಿಗಳೇ ನಿಮ್ಮನ್ನ ಇಲ್ಲಿಗೆ ಕಳಿಸಿಕೊಟ್ವು.”

ಲಾಂಡ್ರಿಯ ಮೇನೇಜರು ಗೇಟಿನಲ್ಲಿ ನಿಂತು ಇಷ್ಟು ಹೇಳಿ ನಕ್ಕರು. ಬೈದಿದ್ದರೆ ಮರೆತುಹೋಗುತ್ತಿತ್ತು, ಬೈಗುಳಕ್ಕೆ ಆ ಹೆಂಗಸರ ಕಿವಿ ಎಂದೋ ಜಡ್ಡುಗಟ್ಟಿತ್ತು. ನಕ್ಕದ್ದು ಮಾತ್ರ ಒಳಗಿಳಿದು ಕೂತಿತು. ಕೆಲಸ ನಿಲ್ಲಿಸಿ ಗೇಟಿನ ಹೊರಗೆ ಕೂತಿದ್ದವರು ನಾಲ್ಕನೆಯ ಬೆಳಿಗ್ಗೆ ಒಬ್ಬೊಬ್ಬರಾಗಿ, ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತಿದ್ದರು. ಹಿಟ್ಟಿಲ್ಲ, ಎಣ್ಣೆಯಿಲ್ಲ, ಅಂಗಡಿಯವನು ಮುಖ ತಿರುಗಿಸುತ್ತಾನೆ. ಮೇನೇಜರ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳಿಗೆ ಸಹಿಸಲಾಗದೆ ಹೋದದ್ದು ಅದೇ.

ಅವಳು ಅಂದರೆ ಚಾದರ ಮಡಿಸುವ ಮೇಜಿನವಳು. ಆಗಿನ್ನೂ ಅವಳಿಗೆ ಜುಗ್ಗಕ್ಕ ಎಂಬ ಹೆಸರು ಬಿದ್ದಿರಲಿಲ್ಲ.

ಅವರು ಕೆಲಸ ನಿಲ್ಲಿಸಿದ್ದು ಕಲೆ ಕಡಿತದ ವಿರುದ್ಧ. ಹೋಟೆಲುಗಳ ಚಾದರಗಳು ಆ ಲಾಂಡ್ರಿಗೆ ಗಾಡಿಗಟ್ಟಲೆ ಬರುತ್ತಿದ್ದವು. ಒಗೆದು, ಉರುಳೆಯಂತ್ರದಲ್ಲಿ ಇಸ್ತ್ರಿಯಾಗಿ ಬಂದ ಮೇಲೂ ಕಲೆ ಉಳಿದಿದ್ದರೆ ಅದರ ಬೆಲೆಯನ್ನು ಮಡಿಸುವವರ ಸಂಬಳದಿಂದ ಮುರಿದುಕೊಳ್ಳುತ್ತಿದ್ದರು. ಯಾರೋ ಮಲಗಿ, ಯಾರೋ ಚಹಾ ಚೆಲ್ಲಿದ ಹಾಸಿಗೆ. ಅಂಥ ಹಾಸಿಗೆಯಲ್ಲಿ ಜನ್ಮದಲ್ಲಿ ಮೈ ಚಾಚದ ಹೆಂಗಸು ಅದರ ದಂಡ ತೆರಬೇಕು. ಸೊಳ್ಳೆಯದಕ್ಕೂ ನಾವು ಕಡಿತ ಅನ್ನುತ್ತೇವೆ, ಸಂಬಳದ್ದಕ್ಕೂ ಕಡಿತ ಅನ್ನುತ್ತೇವೆ. ಸೊಳ್ಳೆ ಮಾತ್ರ ಕಚ್ಚಿದ ಮೇಲೆ ಸಹಿ ಹಾಕಿಸಿಕೊಳ್ಳುವುದಿಲ್ಲ.

ಆ ನಾಲ್ಕನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗೇಟು ದಾಟಿದವಳು ಮೂಲೆಮನೆಯವಳು. ಇವಳದೇ ಬೀದಿ, ಇವಳದೇ ಮೇಜು, ಚಾದರದ ಆಚೆ ತುದಿ ಹಿಡಿಯುತ್ತಿದ್ದವಳೇ ಅವಳು. ಗಂಡ ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡು ಮಲಗಿದ್ದ. ಮನೆ ತುಂಬ ಮಕ್ಕಳು. ಇದೆಲ್ಲ ಗೊತ್ತಿದ್ದೂ ಇವಳು ಕ್ಷಮಿಸಲಿಲ್ಲ. ಅವಳೊಂದಿಗೆ ಚಾದರ ಹಿಡಿಯುವುದಿಲ್ಲವೆಂದು ಹಟ ಹಿಡಿದು ಬೇರೆ ಜೊತೆ ಪಡೆದಳು. ಮಾತು ಬಿಟ್ಟಳು. ಬೇರೆಯವರ ಹತ್ತಿರ ‘ಮೊದಲು ಒಳಗೆ ಹೋದವಳು’ ಎಂದೇ ಹೇಳುತ್ತಿದ್ದಳು, ಅವಳ ಕಿವಿಗೆ ಬೀಳುವ ಹಾಗೆ.

ಡಬ್ಬಿಗಳೇ ಸೋಲಿಸಿದ್ದಾದರೆ ಡಬ್ಬಿಗಳಿಂದಲೇ ಶುರುವಾಗಲಿ ಎಂದುಕೊಂಡಳು. ಮುಂದಿನ ಸಲ ಸಂಬಳವಿಲ್ಲದೆ ಒಂದಿಡೀ ತಿಂಗಳು ಒಲೆ ಉರಿಯಬೇಕು. ಆಗ ನೋಡೋಣ, ಗೇಟಿನಲ್ಲಿ ನಗುವವರು ಯಾರು ಎಂದು.

ಬಸ್ಸು ಬಿಟ್ಟಳು, ಕೆಲಸಕ್ಕೆ ನಡೆದಳು. ಬೆಳಿಗ್ಗೆಯೇ ಬೇಳೆ ನೆನೆಹಾಕಿ ಹೊರಟರೆ ಸಂಜೆ ಅರ್ಧ ಉರಿಯಲ್ಲಿ ಬೇಯುತ್ತಿತ್ತು. ಉಳಿದರ್ಧ ಬೇಯಲು ಪಾತ್ರೆಯನ್ನು ಒಲೆಯಿಂದಿಳಿಸಿ ಹಳೆಯ ಕಂಬಳಿಯಲ್ಲಿ ಸುತ್ತಿ ಮೂಲೆಯಲ್ಲಿ ಕೂರಿಸುತ್ತಿದ್ದಳು, ಚಳಿ ಹಿಡಿದ ಮುದುಕಿಯ ಹಾಗೆ. ಸೋಪಿನ ಚೂರುಗಳು ಹರಿದ ಕಾಲುಚೀಲಕ್ಕೆ ಸೇರಿ ಹೊಸ ಸೋಪಾದವು. ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗೋಡೆಯನ್ನೂ ಕೆರೆದು ತೆಗೆದಳು. ತರಕಾರಿಯವರು ಗಂಟು ಕಟ್ಟುವ ಹೊತ್ತಿಗೆ ಮಾರುಕಟ್ಟೆಗೆ ಹೋಗಿ ಬಾಡಿದ್ದನ್ನು ತಂದಳು. ಎರಡು ಕೋಣೆಯ ಮನೆಯಲ್ಲಿ ಒಂದೇ ಬಲ್ಬು. ಎಲ್ಲರೂ ಅದರಡಿಗೆ ಬಂದು ಕೂತರು. ಟೀವಿಯ ತಂತಿ ಕಿತ್ತಿದ್ದಕ್ಕೆ ಮಗಳು ಒಂದು ವಾರ ಮುಖ ಊದಿಸಿಕೊಂಡಳು. ಆಮೇಲೆ ಧಾರಾವಾಹಿಯ ಮುಂದಿನ ಕಥೆಯನ್ನು ತಾನೇ ಕಟ್ಟಿ ಅಜ್ಜಿಗೆ ಹೇಳತೊಡಗಿದಳು. ಅಜ್ಜಿ ಅದೇ ಮೇಲು ಅಂದಳು. ಮೊಮ್ಮಗಳ ಕಥೆಯಲ್ಲಿ ಸೊಸೆ ಅಳುವುದಿಲ್ಲವಂತೆ.

ಗಂಡ ಗೋಡೆಗೆ ಬಣ್ಣ ಬಳಿಯುವವನು. ಕೆಲಸವಿದ್ದ ದಿನ ಮಹಾರಾಜ, ಇಲ್ಲದ ದಿನ ವೇದಾಂತಿ. ಅವನ ಕೂದಲನ್ನು ಅವಳೇ ಮನೆಯಲ್ಲಿ ಕತ್ತರಿಸಿದಳು. ಮರುದಿನ ಬೀದಿಯ ಕ್ಷೌರದವನು ಅವನನ್ನು ನಿಲ್ಲಿಸಿ, ಮೇಯ್ದ ಮೇಕೆ ಯಾವುದು ಎಂದು ವಿಚಾರಿಸಿದ. ಅಂದಿನಿಂದ ಅವನು ಬಣ್ಣ ಬಳಿಯುವಾಗಿನ ಟೋಪಿಯನ್ನು ತಲೆಯಿಂದ ತೆಗೆಯಲಿಲ್ಲ. ಒಂದು ಸಂಜೆ ತಟ್ಟೆ ನೋಡಿ ಅವನಿಗೂ ತಡೆಯಲಾಗಲಿಲ್ಲ.

“ಅಲ್ವೇ, ಸಂಬಳ ಬರೋವಾಗ್ಲೇ ಉಪವಾಸ ಹಾಕಿದ್ರೆ, ಬರದೇ ಇದ್ದಾಗ ಏನ್ ಹಾಕ್ತೀಯ?”

“ಆಗ ಹೊಟ್ಟೆ ತುಂಬ ಊಟ ಹಾಕ್ತೀನಿ. ಅದಕ್ಕೇ ಈಗ ಹಾಕ್ತಿಲ್ಲ.”

ಉಳಿತಾಯ ಅನ್ನುವುದು ಉಳಿಯುವಷ್ಟು ಇದ್ದವರ ಮಾತು. ಇಲ್ಲದವರು ಹೊಟ್ಟೆ ಕಟ್ಟುತ್ತಾರೆ, ಬಾಯಿ ಕಟ್ಟುತ್ತಾರೆ. ಅವಳು ಕಟ್ಟಿದಳು. ಕಟ್ಟಿದ್ದನ್ನೆಲ್ಲ ಹಿಟ್ಟು ಮಾಡಿ, ಬೇಳೆ ಮಾಡಿ, ಮಂಚದಡಿಯ ದೊಡ್ಡ ಡಬ್ಬಿಗಳಲ್ಲಿ ತುಂಬಿದಳು. ಹಿಟ್ಟನ್ನು ಸವರಿ ಸಮಮಾಡಿ, ಅದರ ಮೇಲೆ ಅಂಗೈ ಊರಿ ಒತ್ತಿ, ಆಮೇಲೆ ಮುಚ್ಚಳ ಹಾಕುತ್ತಿದ್ದಳು. ಯಾರಾದರೂ ಕೈ ಹಾಕಿದರೆ ಆ ಗುರುತು ಕೆಡುತ್ತದೆ. ಮನೆಯವರ ಮೇಲೆ ಅನುಮಾನ ಎಂದಲ್ಲ. ಹಸಿವಿನ ಮೇಲೆ ಅನುಮಾನ.

ಈ ಎಲ್ಲದಕ್ಕೂ ತಿರುಗಿ ಬಿದ್ದವಳು ಅತ್ತೆ ಒಬ್ಬಳೇ. ಚಹಾದ ಸಕ್ಕರೆ ಕಡಿಮೆಯಾದ ದಿನದಿಂದ, ಲೋಟ ಹಿಡಿದು ಬಾಗಿಲಲ್ಲಿ ಕೂತು, ತನ್ನ ಸೊಸೆ ಸಕ್ಕರೆಯನ್ನು ಎಣಿಸಿ ಹಾಕುತ್ತಾಳೆಂದು ಬೀದಿಗೆಲ್ಲ ಸಾರುತ್ತಿದ್ದಳು. ಲೋಟ ಹಿಡಿದಾಗ ಅವಳ ಬಲಗೈ ಕಿರುಬೆರಳು ದೊಡ್ಡ ಮನೆತನದವರ ಹಾಗೆ ಹೊರಕ್ಕೆ ಚಾಚಿಕೊಳ್ಳುತ್ತಿತ್ತು. ಅದು ಮನೆತನದಿಂದ ಬಂದದ್ದಲ್ಲ. ಅದೇ ಲಾಂಡ್ರಿಯ ಉರುಳೆಯಂತ್ರಕ್ಕೆ ಸಿಕ್ಕಿ ಕೊಂಕಿದ ಬೆರಳು. ಅಂದು ರಕ್ತ ಹತ್ತಿದ ಚಾದರದ ಬೆಲೆಯನ್ನು ಅವಳ ಸಂಬಳದಿಂದಲೇ ಮುರಿದಿದ್ದರು.

ಲಾಂಡ್ರಿಯಲ್ಲಿ ಮಾತಾಡುವಂತಿಲ್ಲ, ಯಂತ್ರಗಳ ಸದ್ದಿಗೆ ಆಡಿದರೂ ಕೇಳುವುದಿಲ್ಲ. ಆದರೆ ಚಾದರ ಮಡಿಸುವ ಕೆಲಸಕ್ಕೇ ಒಂದು ಗುಣವಿದೆ. ಇಬ್ಬರು ಎರಡು ತುದಿ ಹಿಡಿದು ದೂರ ನಿಲ್ಲುತ್ತಾರೆ, ಕೊಡವುತ್ತಾರೆ, ಆಮೇಲೆ ನಡೆದು ಬಂದು ತುದಿಗೆ ತುದಿ ಸೇರಿಸುತ್ತಾರೆ. ಆ ಕ್ಷಣ ಬಾಯಿ ಕಿವಿಯ ಹತ್ತಿರವಿರುತ್ತದೆ. ಒಂದು ಚಾದರಕ್ಕೆ ಒಂದು ಮಾತು. ಹಾಗೆ ಚಾದರದಿಂದ ಚಾದರಕ್ಕೆ, ಮೇಜಿನಿಂದ ಮೇಜಿಗೆ ಅವಳ ಉಪಾಯಗಳು ಹರಡಿದವು. ಮೊದಲು ನಕ್ಕರು, ಜುಗ್ಗಕ್ಕ ಎಂದು ಹೆಸರಿಟ್ಟದ್ದು ಆಗಲೇ. ಆಮೇಲೆ ಕಂಬಳಿಯಲ್ಲಿ ಸುತ್ತಿದರೆ ಬೇಳೆ ತಳ ಹಿಡಿಯುವುದಿಲ್ಲವೇ ಎಂದು ಕೇಳತೊಡಗಿದರು. ಕೊನೆಗೆ ಎಲ್ಲರೂ ಮಾಡಿದರು. ಹೋಟೆಲುಗಳು ತುಂಬಿ ತುಳುಕುವ ತಿಂಗಳು ಬರುವ ಹೊತ್ತಿಗೆ ಡಬ್ಬಿಗಳೂ ತುಂಬಿರಬೇಕು ಎಂಬುದು ಮಾತಾಗಿತ್ತು.

ಮೇನೇಜರ ಕಿವಿಗೆ ಬಿದ್ದದ್ದು ಅರ್ಧವೇ. ಹೆಂಗಸರು ಮುಂಗಡ ಕೇಳುತ್ತಿಲ್ಲ, ಮನೆಖರ್ಚು ಇಳಿಸುತ್ತಿದ್ದಾರೆ ಎಂಬ ಅರ್ಧ. ಅವರಿಗೆ ಹಿಗ್ಗಾಯಿತು. ಕಡಿಮೆಯಲ್ಲಿ ಬದುಕುವುದನ್ನು ಕಲಿತ ಕೆಲಸಗಾರರಿಗಿಂತ ದೊಡ್ಡ ಲಾಭ ಯಾವುದಿದೆ? ಒಂದು ಮಧ್ಯಾಹ್ನ ಊಟದ ಶೆಡ್ಡಿನಲ್ಲಿ ಪರದೆ ಕಟ್ಟಿಸಿ, ಉಳಿತಾಯ ಕಲಿಸುವ ಮೇಡಂ ಒಬ್ಬರನ್ನು ಕರೆಸಿದರು.

ಮೇಡಂ ಕೆಟ್ಟವರಲ್ಲ. ಆದರೆ ಅವರ ಪಾಠ ಬೇರೆ ಯಾರಿಗೋ ಬರೆದದ್ದು. ಹೊರಗಿನ ಊಟ ಕಡಿಮೆ ಮಾಡಿ ಅಂದರು. ಹೋಗದ ಜಿಮ್ಮಿಗೆ ಹಣ ಕಟ್ಟಬೇಡಿ ಅಂದರು. ಎರಡನೆಯ ಕಾರು ಅಗತ್ಯವೇ, ಯೋಚಿಸಿ ಅಂದರು. ಉರುಳೆಯಂತ್ರದ ಹೆಂಗಸೊಬ್ಬಳು ಕೈಯೆತ್ತಿ, ಮೊದಲನೆಯದನ್ನು ಎಲ್ಲಿ ನಿಲ್ಲಿಸಿದ್ದೇವೆ ಅಂತ ಹೇಳಿದರೆ ಎರಡನೆಯದನ್ನು ಹುಡುಕುತ್ತೇವೆ ಮೇಡಂ ಅಂದಾಗ ಶೆಡ್ಡು ನಗೆಯಲ್ಲಿ ಅಲ್ಲಾಡಿತು. ಮೇಡಂ ಅವರ ಮುಖ ಕೆಂಪಾಯಿತು. ಮೇನೇಜರು ಎದ್ದು ಮೈಕು ತೆಗೆದುಕೊಂಡರು.

“ಸ್ವಲ್ಪ ಬಾಯಿ ಕಟ್ಟೋದು ಕಲೀರಮ್ಮ. ಖರ್ಚು ಇಳಿದ್ರೆ ಸಂಬಳ ಏರಿದ ಹಾಗೇನೇ. ನಮ್ಮಲ್ಲೇ ಒಬ್ರು ಇದಾರಲ್ಲ, ಜುಗ್ಗಕ್ಕ, ಬಂದು ಹೇಳಲಿ.”

ಅವಳು ಹೋದಳು. ಬೇಳೆ ನೆನೆಸುವುದು, ಕಂಬಳಿ ಸುತ್ತುವುದು, ಹಿಟ್ಟಿಗೆ ಹುಳು ಬೀಳದಂತೆ ಇಡುವುದು, ಒಂದು ತಿಂಗಳಿಗೆ ಯಾವುದು ಎಷ್ಟು ಕೂಡಿಟ್ಟರೆ ಹೊರಗಿನಿಂದ ಏನೂ ತರಬೇಕಾಗಿಲ್ಲ ಎನ್ನುವುದು, ಎಲ್ಲವನ್ನೂ ನಿಧಾನವಾಗಿ, ಹಿಂದಿನ ಸಾಲಿಗೂ ಕೇಳುವ ಹಾಗೆ ಹೇಳಿದಳು. ಚಾದರದಿಂದ ಚಾದರಕ್ಕೆ ಹೋಗಲು ವಾರಗಳು ಹಿಡಿಯುತ್ತಿದ್ದುದನ್ನು ಮೇನೇಜರ ಮೈಕು ಒಂದೇ ಮಧ್ಯಾಹ್ನದಲ್ಲಿ ಮುಗಿಸಿತು. ಚಪ್ಪಾಳೆ ಮೊದಲು ಹೊಡೆದವರೂ ಅವರೇ. ಇಷ್ಟೆಲ್ಲ ಯಾವುದಕ್ಕಾಗಿ ಕೂಡಿಡುತ್ತೀರಿ ಎಂದು ಮೇಡಂ ಕೇಳಿದ್ದಕ್ಕೆ, ಒಂದು ಕೆಲಸವಿದೆ ಅಂದಳು. ಶೆಡ್ಡಿನಲ್ಲಿ ಯಾರೂ ನಗಲಿಲ್ಲ.

ಹಿಂದಿನ ಸಾಲಿನಲ್ಲಿ ಮೂಲೆಮನೆಯವಳೂ ಕೂತಿದ್ದಳು. ತಲೆ ತಗ್ಗಿಸಿ ಸೀರೆಯ ಅಂಚಿನ ದಾರ ಎಳೆಯುತ್ತಿದ್ದಳು. ಅದು ಇವಳ ಕಣ್ಣಿಗೆ ಬಿತ್ತು. ನಾಚಿಕೆಯಾಗಿರಬೇಕು, ಆಗಲಿ ಅಂದುಕೊಂಡಳು.

ಒಂದು ರಜೆಯ ದಿನ ಮಂಚದಡಿಯ ಹಿಂದಿನ ಡಬ್ಬಿಯನ್ನು ಎಳೆದು ಮುಚ್ಚಳ ತೆಗೆದಳು. ಹಿಟ್ಟಿನ ಮೇಲೆ ಅಂಗೈ ಗುರುತು ಇದ್ದ ಹಾಗೇ ಇತ್ತು. ಮುಚ್ಚಲು ಹೋದವಳು ತಡೆದಳು. ತನ್ನ ಗುರುತಿನಲ್ಲಿ ಐದು ಬೆರಳೂ ನೇರ. ಇದರಲ್ಲಿ ಕಿರುಬೆರಳು ಹೊರಕ್ಕೆ ಕೊಂಕಿತ್ತು. ಡಬ್ಬಿಯ ಒಳಗೋಡೆ ನೋಡಿದಳು. ಹಿಟ್ಟು ಮೊದಲಿದ್ದ ಮಟ್ಟದಿಂದ ಒಂದು ಗೇಣು ಕೆಳಗಿಳಿದಿತ್ತು.

ಅತ್ತೆ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದಳು. ಇವಳು ಡಬ್ಬಿಯನ್ನೇ ಹೊತ್ತು ತಂದು ಮುಂದಿಟ್ಟಳು.

“ಹಿಟ್ಟು ಎಲ್ಲಿ ಹೋಗ್ತಿದೆ ಅತ್ತೆ?”

“ಮೂಲೆಮನೆಗೆ,” ಅಂದಳು ಅತ್ತೆ. “ಗುರುತು ನಿಂದು ಅಂತ ನಂಬ್ತೀಯ ಅಂದ್ಕೊಂಡೆ. ಈ ಹಾಳು ಬೆರಳು ಚಾಡಿ ಹೇಳ್ತು ನೋಡು.”

ಅವಳಿಗೆ ಮೈ ಉರಿದುಹೋಯಿತು. ಆ ಹಿಟ್ಟಿನಲ್ಲಿ ಮಗಳಿಗೆ ಕೊಡಿಸದ ಬೂಟಿದೆ, ಗಂಡನ ಬೋಳಾದ ತಲೆಯಿದೆ, ತನ್ನ ಸವೆದ ಹಿಮ್ಮಡಿಯಿದೆ ಎಂದು ಕೂಗಿದಳು. ಕೊಡಲು ಬೇರೆ ಯಾರೂ ಸಿಗಲಿಲ್ಲವೇ, ನಮ್ಮನ್ನು ಮುಳುಗಿಸಿದವಳೇ ಬೇಕಾಗಿತ್ತೇ ಎಂದಳು. ಅತ್ತೆ ಪೂರ್ತಿ ಕೇಳಿಸಿಕೊಂಡಳು. ಲೋಟ ಕೆಳಗಿಟ್ಟಳು.

“ನೀನು ಎಲ್ಲಾನೂ ಕತ್ತರಿಸ್ದೆ, ಸರಿ. ಅವಳ ಮನೇಲಿ ಕತ್ತರಿಸೋಕೆ ಏನಿದೆ? ಬಟ್ಟೆ ಇದ್ರೆ ತಾನೆ ಕತ್ತರಿ ಆಡೋದು? ಈ ಸಲಾನೂ ನಾಲ್ಕನೇ ದಿನ ಅವಳು ಒಳಗೆ ಹೋಗ್ತಾಳೆ. ಅವಳ ಹಿಂದೆ ಇನ್ನಷ್ಟು ಜನ. ಆಮೇಲೆ ನೀನು ನಿನ್ನ ಡಬ್ಬಿ ತಬ್ಕೊಂಡು ಮನೇಲಿ ಕೂತಿರು.”

“ನಂಗೆ ಹೇಳಬಹುದಿತ್ತು.”

“ಹೇಳಿದ್ರೆ ಕೊಡ್ತಿದ್ಯಾ?”

ಅವಳು ನೆಲದ ಮೇಲೆ ಕೂತುಬಿಟ್ಟಳು. ಶೆಡ್ಡಿನಲ್ಲಿ ಮೇಡಂ ಹೇಳಿದ್ದೂ ಇದನ್ನೇ: ನಿಮ್ಮ ನಿಮ್ಮ ಮನೆ, ನಿಮ್ಮ ನಿಮ್ಮ ಖರ್ಚು. ತಾನು ಮೈಕಿನಲ್ಲಿ ಹೇಳಿದ್ದೂ ಅದನ್ನೇ. ಮೇನೇಜರು ಚಪ್ಪಾಳೆ ಹೊಡೆದದ್ದು ಸುಮ್ಮನೆ ಅಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಡಬ್ಬಿಗೆ ಅಂಗೈ ಒತ್ತಿ ಕಾವಲು ಕೂತರೆ, ಎಲ್ಲಕ್ಕಿಂತ ಖಾಲಿಯಾದ ಡಬ್ಬಿ ಯಾವುದೋ ಅದೇ ಎಲ್ಲರನ್ನೂ ಒಳಗೆ ಎಳೆದುಕೊಂಡು ಹೋಗುತ್ತದೆ. ಇಷ್ಟು ತಿಂಗಳು ಸೇಡು ಸಾಕುತ್ತಾ ಅವಳು ಮೇನೇಜರ ಪಾಠವನ್ನೇ ಅವರಿಗಿಂತ ಚೆನ್ನಾಗಿ ಕಲಿತಿದ್ದಳು.

ನಡುಮಧ್ಯಾಹ್ನ ಡಬ್ಬಿಯನ್ನು ಸೊಂಟಕ್ಕಿಟ್ಟುಕೊಂಡು, ಬೀದಿಯವರೆಲ್ಲ ನೋಡುತ್ತಿದ್ದಂತೆ ಮೂಲೆಮನೆಗೆ ನಡೆದಳು. ಮೂಲೆಮನೆಯವಳು ಅಂಗಳದಲ್ಲಿ ಗಂಡನ ಹೊದಿಕೆ ಹಿಂಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ದಾನ ಕೊಡೋಕೆ ಬಂದ್ಯಾ, ಮೊದಲು ಒಳಗೆ ಹೋದವಳಿಗೆ?”

“ದಾನ ಅಲ್ಲ. ನಮ್ಮನೇಲಿ ಒಬ್ಬಳು ಕಳ್ಳಿ ಸೇರ್ಕೊಂಡಿದಾಳೆ. ಡಬ್ಬಿ ನಿಮ್ಮನೇಲಿ ಇಡೋಣ ಅಂತ.”

ಅವಳಿಗೆ ನಗು ಬಂದಿರಬೇಕು, ಹೊರಗೆ ಬಿಡಲಿಲ್ಲ. ಹೊದಿಕೆಯ ಒಂದು ತುದಿ ಕೈಯಲ್ಲಿ ಹಿಡಿದೇ ನಿಂತಿದ್ದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು.

“ಆವತ್ತು ಮಕ್ಕಳಿಗೆ ಬಿಸಿನೀರಿಗೆ ಉಪ್ಪು ಹಾಕಿ ಕೊಟ್ಟು ಬಂದಿದ್ದೆ. ನೀನು ನನ್ನ ಗೇಟಲ್ಲಿ ನೋಡ್ದೆ. ಮನೇಲಿ ನೋಡ್ಲಿಲ್ಲ.”

ಇವಳು ಡಬ್ಬಿ ಇಳಿಸಿ, ಹೊದಿಕೆಯ ಇನ್ನೊಂದು ತುದಿ ಹಿಡಿದಳು. ಅಭ್ಯಾಸದ ಕೈಗಳು, ಇಬ್ಬರೂ ಹಿಂಡಿದರು, ಕೊಡವಿದರು, ನಡೆದು ಬಂದು ತುದಿಗೆ ತುದಿ ಸೇರಿಸಿದರು. ಆಗ ಇವಳು ಹೇಳಿದಳು: ತಪ್ಪಾಯ್ತು. ಮತ್ತೆ ಕೊಡವಿ ಎರಡನೆಯ ಮಡಿಕೆಗೆ ಬಂದಾಗ ಹೇಳಿದಳು: ಈ ಸಲ ಮನೆಗೊಂದು ಒಲೆ ಬೇಡ, ಎಲ್ಲರ ಡಬ್ಬಿ ಒಂದೇ ಕಡೆ, ನಿನ್ನ ಅಂಗಳದಲ್ಲಿ.

“ಆಗ್ಲಿ. ಅಡುಗೆ ಮಾತ್ರ ನಾನು ಮಾಡ್ತೀನಿ,” ಅಂದಳು ಮೂಲೆಮನೆಯವಳು. “ನಿನ್ನ ಕೈಗೆ ಬಿಟ್ರೆ ಉಪ್ಪಲ್ಲೂ ಉಳಿಸ್ತೀಯ.”

ಮರುದಿನ ಅವರಿಬ್ಬರೂ ಒಂದೇ ಚಾದರ ಹಿಡಿದದ್ದನ್ನು ನೋಡಿಯೇ ಮೇಜಿನವರಿಗೆ ಏನೋ ಆಗಿದೆ ಎಂದು ಗೊತ್ತಾಯಿತು. ಮಾತು ಮೇಜಿನಿಂದ ಮೇಜಿಗೆ ಹೋಯಿತು. ಎಲ್ಲರೂ ಕುಣಿದಾಡಿ ಒಪ್ಪಲಿಲ್ಲ. ತುಂಬಿದ ಡಬ್ಬಿಯವರಿಗೆ ಹೊಟ್ಟೆಯುರಿಯಿತು. ಎರಡನೆಯ ಕಾರಿನ ತಮಾಷೆ ಮಾಡಿದ್ದವಳೇ, ತನ್ನ ಎಣ್ಣೆ ತನ್ನ ಮಕ್ಕಳಿಗೆ ಮಾತ್ರ ಎಂದು ಜಗಳಕ್ಕೆ ನಿಂತಳು. ಅತ್ತೆ ಕೊಂಕು ಬೆರಳು ಆಡಿಸುತ್ತಾ ಅವಳ ಮನೆಗೆ ಹೋಗಿ ಅರ್ಧ ದಿನ ಕೂತಳು. ಏನು ಮಾತಾಡಿದಳೋ, ಬರುವಾಗ ಎಣ್ಣೆಯ ಡಬ್ಬಿ ಹೊತ್ತುಕೊಂಡು ಅವಳೇ ಹಿಂದೆ ಬಂದಳು.

ಹೋಟೆಲುಗಳು ತುಂಬಿದ ತಿಂಗಳಲ್ಲಿ, ಒಂದು ಬೆಳಿಗ್ಗೆ, ಮೇಜುಗಳ ಮೇಲೆ ಚಾದರಗಳನ್ನು ಅರ್ಧ ಮಡಿಕೆಯಲ್ಲೇ ಬಿಟ್ಟು ಅವರು ಹೊರಗೆ ನಡೆದರು. ಮೇನೇಜರು ತಡೆಯಲಿಲ್ಲ, ಬೈಯಲಿಲ್ಲ. ನಾಲ್ಕನೆಯ ಬೆಳಿಗ್ಗೆ ಇಸ್ತ್ರಿಯ ಗೆರೆ ಮುರಿಯದ ಅಂಗಿ ತೊಟ್ಟು, ಗೇಟಿನ ಎರಡೂ ಬಾಗಿಲು ತೆರೆಸಿ, ತಾವೇ ಬಂದು ನಿಂತರು. ಬಿಸಿಲೇರುವ ತನಕ ನಿಂತರು. ಬೀದಿಯ ನಾಯಿಯೊಂದು ಒಳಗೆ ಬಂದು ಹೊರಗೆ ಹೋಯಿತು.

ಮೂಲೆಮನೆಯ ಅಂಗಳದಲ್ಲಿ ಒಲೆ ಉರಿಯುತ್ತಿತ್ತು. ಗೋಡೆಯುದ್ದಕ್ಕೂ ಡಬ್ಬಿಗಳು: ಮುಚ್ಚಳ ಸೊಟ್ಟಗಾದವು, ಬಣ್ಣದ ಡಬ್ಬಿ ತೊಳೆದು ಮಾಡಿದವು, ಬಿಸ್ಕತ್ತಿನ ಚಿತ್ರ ಇನ್ನೂ ಅಳಿಯದವು. ಮೂಲೆಮನೆಯವಳ ಗಂಡ ಮಲಗಿದಲ್ಲೇ ತಟ್ಟೆಯಲ್ಲಿ ಬೇಳೆ ಆರಿಸಿಕೊಡುತ್ತಿದ್ದ. ಜುಗ್ಗಕ್ಕನ ಟೋಪಿಯ ಗಂಡ ನೀರು ಹೊರುತ್ತಿದ್ದ. ಮಗಳು ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಧಾರಾವಾಹಿ ಹೇಳುತ್ತಿದ್ದಳು. ಎಲ್ಲವೂ ಸುಖವಾಗಿತ್ತು ಎಂದರೆ ಸುಳ್ಳು. ಎಣ್ಣೆ ಬೇಗ ತಳ ಕಂಡಿತು. ಇಬ್ಬರು ಹೆಂಗಸರ ಗಂಡಂದಿರು ಕುಡಿದು ಬಂದು ಕೂಗಾಡಿದರು. ಒಬ್ಬಳು ಎರಡು ದಿನ ಅಂಗಳಕ್ಕೆ ಬರಲಿಲ್ಲ, ಮೂರನೆಯ ದಿನ ಕಣ್ಣು ಊದಿಸಿಕೊಂಡು ಬಂದಳು. ಜುಗ್ಗಕ್ಕ ಸಂಜೆ ಹೊತ್ತು ಹಿಟ್ಟಿನ ಡಬ್ಬಿ ತೆಗೆದು ನೋಡುತ್ತಿದ್ದಳು, ಮುಚ್ಚುತ್ತಿದ್ದಳು. ಅಂಗೈ ಒತ್ತುತ್ತಿರಲಿಲ್ಲ. ಬೆಳಿಗ್ಗೆಯಿಂದ ಎಷ್ಟೋ ಕೈಗಳು ಆಡಿದ ಹಿಟ್ಟಿನಲ್ಲಿ ಯಾರ ಗುರುತೆಂದು ಹುಡುಕುವುದು?

ಅತ್ತ ಲಾಂಡ್ರಿಯಲ್ಲಿ ಒದ್ದೆ ಚಾದರಗಳು ಗುಡ್ಡವಾಗಿ ಬಿದ್ದು ನಾರತೊಡಗಿದವು. ಹೋಟೆಲಿನವರ ಫೋನುಗಳು ನಿಲ್ಲಲಿಲ್ಲ. ಮೇನೇಜರು ಮೇಸ್ತ್ರಿಯನ್ನು ಕಳಿಸಿದರು, ನೇರ ಮೂಲೆಮನೆಗೆ. ಎಲ್ಲಿ ತಳ್ಳಿದರೆ ಗೋಡೆ ಬೀಳುತ್ತದೆ ಎಂಬುದು ಅವರಿಗೂ ತಿಳಿದಿತ್ತು. ಒಬ್ಬಳೇ ಸಿಕ್ಕರೆ ಕೈಗಿಷ್ಟು ಹಾಕಿ ಕರೆತಾ ಎಂದಿದ್ದರಂತೆ. ಮೇಸ್ತ್ರಿ ಬಂದರೆ ಅವಳು ಒಬ್ಬಳೇ ಇರಲಿಲ್ಲ. ಇಡೀ ಲಾಂಡ್ರಿಯೇ ಅಲ್ಲಿ ಊಟಕ್ಕೆ ಕೂತಿತ್ತು. ಅವನು ಬಾಯಿ ತೆರೆಯುವ ಮೊದಲೇ ಮೂಲೆಮನೆಯವಳು ಸೌಟು ಹಿಡಿದು ಎದ್ದಳು.

“ನಮ್ಮನ್ನ ಏನ್ ಕೇಳ್ತೀರಾ ಮೇಸ್ತ್ರಿ, ಡಬ್ಬಿಗಳನ್ನ ಕೇಳಿ. ಕಳಿಸಿಕೊಡಲ್ಲ ಅಂತಿದಾವೆ.”

ಮೇಸ್ತ್ರಿಗೂ ಒಂದು ತಟ್ಟೆ ಬಡಿಸಿದರು. ಬೇಡ ಬೇಡ ಎನ್ನುತ್ತಲೇ ನಿಂತು ಉಂಡ. ಎರಡನೆಯ ಸಲ ಹಾಕಿಸಿಕೊಂಡ. ಅವನ ಮನೆಯ ಡಬ್ಬಿಗಳ ಸ್ಥಿತಿಯೂ ಅಷ್ಟರಲ್ಲೇ ಇದ್ದಿರಬೇಕು.

ಹಿಟ್ಟು ಕೊನೆಯ ಡಬ್ಬಿಗೆ ಬಂದಿದ್ದ ದಿನ ಗೇಟಿನಿಂದ ಕರೆ ಬಂತು. ಮಾತಾಡಲು ಇಬ್ಬರು ಬರಲಿ ಎಂದು. ಕೊನೆಯ ಡಬ್ಬಿಯ ಸುದ್ದಿ ಅಂಗಳ ದಾಟಿರಲಿಲ್ಲ. ಅಷ್ಟು ಜನರ ಬಾಯಿ ಒಟ್ಟಿಗೆ ಕಟ್ಟಿಕೊಂಡದ್ದು ಅದೊಂದು ವಿಷಯಕ್ಕೆ.

ಜುಗ್ಗಕ್ಕ ಕೈಯೊರೆಸಿಕೊಂಡು ಹೊರಟಳು, ಜೊತೆಗೆ ಮೂಲೆಮನೆಯವಳು. ಉಳಿದವರು ಹಿಂದೆ ಬೀದಿ ತುಂಬ ಬಂದು ಗೇಟಿನ ಹೊರಗೆ ನಿಂತರು. ಗೇಟಿನ ಬಳಿ ಜುಗ್ಗಕ್ಕ ಪಕ್ಕಕ್ಕೆ ಸರಿದಳು.

“ನೀನೇ ಮೊದಲು ಒಳಗೆ ಹೋಗು.”

“ಹೋಗ್ತೀನಿ ಬಿಡು,” ಅಂದಳು ಮೂಲೆಮನೆಯವಳು. “ನಂಗೆ ಅಭ್ಯಾಸ ಇದೆ.”

ಮೇನೇಜರು ಕೂರಲು ಹೇಳಲಿಲ್ಲ. ಇಬ್ಬರೂ ಕುರ್ಚಿ ಎಳೆದುಕೊಂಡು ಕೂತರು. ಮೇನೇಜರ ಅಂಗಿಯ ಗೆರೆ ಅಂದು ಮುರಿದಿತ್ತು. ಇಸ್ತ್ರಿ ಮಾಡುವವರು ಯಾರಿದ್ದರು? ಅವರು ಮೊದಲು ಮಾತಾಡಲಿ ಎಂದು ಮೂಲೆಮನೆಯವಳು ಕಾಯಲಿಲ್ಲ.

“ಕಲೆ ಕಡಿತ ಇವತ್ತಿಂದ ಇಲ್ಲ ಅಂತ ಬರೆದುಕೊಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ. ನಮಗೇನೂ ಅವಸರ ಇಲ್ಲ, ಒಲೆ ಮೇಲೆ ಬೇಳೆ ಇಟ್ಟು ಬಂದಿದೀವಿ.”

ಮೇನೇಜರು ಜುಗ್ಗಕ್ಕನ ಮುಖ ನೋಡಿದರು. ಅವಳು ಮೇಜಿನ ಮೇಲಿದ್ದ ಪೆನ್ನನ್ನು ಅವರ ಕಡೆಗೆ ಸರಿಸಿದಳು.